ಗೋಡೆ ದೊರೆಯ ಮುಖ

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಬೇಯಿಸಿದ ಆಲೂಗಡ್ಡೆಯ ಪಾತ್ರೆಯನ್ನು ಮೇಜಿನ ಮಧ್ಯಕ್ಕೆ ಸರಿಸುತ್ತ ಅತ್ತೆ ಅಂದರು: "ಆ ಮುಖ ಕೆತ್ತಿದ್ದು ನಾನು."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಉಪ್ಪಿನ ಡಬ್ಬಿಗೆ ಕೈ ಚಾಚಿದ ಮೊಮ್ಮಗಳ ಕೈ ಅಲ್ಲೇ ನಿಂತಿತು. ಮಗ ತುತ್ತು ನುಂಗಿ, "ಯಾವ ಮುಖ?" ಎಂದ.

"ಗೋಡೆ ದೊರೇದು. ಇನ್ಯಾರದು?"

ಸೊಸೆ ತಲೆಯೆತ್ತಿ ಎದುರು ಗೋಡೆ ನೋಡಿದಳು. ಕಪ್ಪು ಚೌಕಟ್ಟಿನೊಳಗೆ, ಗಾಜಿನ ಹಿಂದೆ, ಇನ್ನೂರೈವತ್ತು ವರ್ಷದ ಹಿಂದೆ ಸತ್ತುಹೋದ ಒಬ್ಬ ಇಂಗ್ಲಿಷ್ ಲೇಖಕ ಕೂತಿದ್ದ. ಹೆಗಲವರೆಗೆ ಸುರುಳಿ ಸುರುಳಿಯಾದ ವಿಗ್ಗು, ದಪ್ಪ ಗಲ್ಲ, ಸಾಲುಗುಂಡಿಯ ಕೋಟು. ಒಂದು ಕಣ್ಣು ಇನ್ನೊಂದಕ್ಕಿಂತ ಕೊಂಚ ಕಿರಿದು. ಈಗಷ್ಟೇ ಯಾರದೋ ಸುಳ್ಳು ಕೇಳಿಸಿಕೊಂಡು, ಇರಲಿ ನೋಡೋಣ ಎಂದು ಸುಮ್ಮನಿದ್ದವನ ಹಾಗೆ. ತಾಮ್ರದ ತಗಡಿನಲ್ಲಿ ಗೆರೆ ಕೆತ್ತಿ ಕಾಗದದ ಮೇಲೆ ಅಚ್ಚು ತೆಗೆದ ಚಿತ್ರ. ಕೆಳಗೆ ಆತನ ಹೆಸರು. ಬಲ ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಗೆ, ಕೆತ್ತಿದವರ ಹೆಸರು. ಅದು ಮಾವನ ಹೆಸರು. ಮನೆಯಲ್ಲಿ ಆ ಲೇಖಕನ ಒಂದು ಸಾಲನ್ನೂ ಯಾರೂ ಮನಸ್ಸಿಟ್ಟು ಓದಿರಲಿಲ್ಲ. ಮೊಮ್ಮಗಳಿಗೆ ಕಾಲೇಜಿನಲ್ಲಿ ಅವನದೊಂದು ಪಾಠವಿತ್ತು. ಅದೇ ಪತ್ರಿಕೆಯಲ್ಲಿ ಅವಳು ನಾಲ್ಕು ಅಂಕಕ್ಕೆ ಡುಮ್ಕಿ ಹೊಡೆದು, ಮನೆಗೆ ಬಂದು ಗೋಡೆಗೆ ನಾಲಿಗೆ ಚಾಚಿ ಅಣಕಿಸಿದ್ದಳು. ಆದರೂ ಐವತ್ತು ವರ್ಷದಿಂದ ಮನೆಯ ಎಲ್ಲ ಊಟಕ್ಕೂ ಅವನೇ ಸಾಕ್ಷಿ.

ಅವತ್ತು ಬೆಳಿಗ್ಗೆ ಕಾಲೇಜಿನ ಮೇಡಂ ಒಬ್ಬರು ಬಂದಿದ್ದರು. ಮಾವ ಕೆಲಸ ಮಾಡುತ್ತಿದ್ದ ಹಳೆಯ ಅಚ್ಚುಕೂಟ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಯಂತ್ರಗಳು, ತಗಡುಗಳು ಈಗ ಕಾಲೇಜಿನ ವಶದಲ್ಲಿದ್ದವು. ಅವನ್ನೆಲ್ಲ ಜೋಡಿಸಿ ಪ್ರದರ್ಶನ ಮಾಡುವುದು, ಅದರ ನಟ್ಟನಡುವೆ ಈ ಚಿತ್ರ ಇಡುವುದು, ಉದ್ಘಾಟನೆಯ ದಿನ ಮಾವನಿಗೆ ಸನ್ಮಾನ ಮಾಡುವುದು ಎಂದು ತೀರ್ಮಾನವಾಗಿತ್ತು. ಮೇಡಂ ಭೂತಗಾಜು ಹಿಡಿದು ಹತ್ತು ನಿಮಿಷ ದೊರೆಯ ಕಣ್ಣನ್ನೇ ನೋಡಿದ್ದರು. "ಏನು ಕೈ ಸರ್ ನಿಮ್ಮದು! ಈ ಗೆರೆಗಳು ಉಸಿರಾಡ್ತಿವೆ. ಇಂಥ ಮುಖ ಕೆತ್ತಿದವರು ಇನ್ನೊಂದು ಮುಖ ಯಾಕೆ ಕೆತ್ತಲಿಲ್ಲ?" ಮಾವ ಕೆಮ್ಮಿದ್ದರು. ಚಹಾ ತಂದ ಅತ್ತೆ ಬಟ್ಟಲು ಇಟ್ಟು, "ಆ ಒಂದು ಕಣ್ಣಿಗೇ ನಾಲ್ಕು ಮಧ್ಯಾಹ್ನ ಹಿಡೀತು," ಅಂದಿದ್ದರು. ಗಂಡನ ಕೆಲಸವನ್ನು ಇಷ್ಟು ನೆನಪಿಟ್ಟ ಹೆಂಡತಿಯನ್ನು ಕಂಡು ಮೇಡಂ ಮೆಚ್ಚುಗೆಯಿಂದ ನಕ್ಕಿದ್ದರು.

ಈಗ ಊಟದ ಮೇಜಿನ ಬಳಿ ಯಾರೂ ನಗಲಿಲ್ಲ.

"ಅಮ್ಮ, ತಮಾಷೆ ಮಾಡ್ಬೇಡ," ಎಂದ ಮಗ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಎರಡು ನಿಮಿಷ ತಡವಾದ ಬಸ್ಸನ್ನೂ ತಡವಾಗಿ ಬಂದ ಮಾತನ್ನೂ ಒಂದೇ ಮುಖ ಮಾಡಿಕೊಂಡು ನೋಡುವವನು.

"ನಾನ್ಯಾಕೆ ತಮಾಷೆ ಮಾಡ್ಲಿ? ವಿಗ್ಗು, ಕೋಟು, ಅಕ್ಷರ ಎಲ್ಲ ಅವರದ್ದು. ಮುಖ ನಂದು. ಕೇಳು ಬೇಕಾದ್ರೆ."

ಎಲ್ಲರೂ ಮಾವನತ್ತ ತಿರುಗಿದರು. ಮಾವ ಆಲೂಗಡ್ಡೆಯ ಸಿಪ್ಪೆಯನ್ನು ಬಹಳ ಜೋಪಾನವಾಗಿ ಬಿಡಿಸುತ್ತಿದ್ದರು. ಸಿಪ್ಪೆ ಮುಗಿದ ಮೇಲೂ ಬೆರಳು ನಿಲ್ಲಲಿಲ್ಲ.

"ನೋಡಿದ್ಯಾ ಅಮ್ಮ, ಅಪ್ಪಂಗೆ ಎಷ್ಟು ಬೇಜಾರಾಯ್ತು! ಐವತ್ತು ವರ್ಷ ಬಾಯಿ ಬಿಡದೆ ಇದ್ದು, ಅವರನ್ನ ಯಾರೋ ಒಬ್ರು ಕರೆದು ಹೊಗಳ್ತೀವಿ ಅಂದ ದಿನಾನೇ ನಿಂಗೆ ನೆನಪಾಯ್ತಾ?"

"ನೆನಪಾಗೋಕೆ ನಾನೇನು ಮರೆತಿದ್ನಾ?" ಅತ್ತೆ ಎದ್ದು, ತಮ್ಮ ತಟ್ಟೆ ತಾವೇ ತೊಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಉಳಿದ ತಟ್ಟೆಗಳನ್ನು ಮುಟ್ಟಲಿಲ್ಲ. ಮದುವೆಯಾಗಿ ಬಂದ ಇಪ್ಪತ್ತಮೂರು ವರ್ಷದಲ್ಲಿ ಸೊಸೆ ಅದನ್ನು ಕಂಡದ್ದು ಅದೇ ಮೊದಲು.

ಮಾರನೆಯ ದಿನದಿಂದ ಮನೆಯ ಲಯವೇ ತಪ್ಪಿತು. ಅತ್ತೆ ಜಗಳವಾಡಲಿಲ್ಲ, ಕೂಗಾಡಲಿಲ್ಲ; ಮಾವನಿಗಾಗಿ ಮಾಡುತ್ತಿದ್ದ ಕೆಲಸಗಳನ್ನಷ್ಟೇ ಒಂದೊಂದಾಗಿ ಕೈಬಿಟ್ಟರು. ಬೆಳಿಗ್ಗೆ ಮಾವನ ಕಣ್ಣಿಗೆ ಹನಿ ಹಾಕುತ್ತಿದ್ದವರು ಅವರೇ. ಸೋಮವಾರ ಮಾವ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಬಿಟ್ಟುಕೊಂಡು ಕಾದೇ ಕಾದರು. ಚಾವಣಿಯಲ್ಲಿದ್ದ ಜೇಡವೊಂದು ಈ ತುದಿಯಿಂದ ಆ ತುದಿಗೆ ಹೋಯಿತು. ಕೊನೆಗೆ ಸೊಸೆಯೇ ಕೆಲಸಕ್ಕೆ ಹೊರಟವಳು ಚಪ್ಪಲಿ ಬಿಚ್ಚಿ ಒಳಗೆ ಬಂದು ಹನಿ ಹಾಕಿದಳು. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅದೂ ಹಾಗೇ ಉಳಿಯಿತು. ಚಹಾ ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತಿತ್ತು, ಸಕ್ಕರೆಯಿಲ್ಲದೆ.

"ಸಕ್ಕರೆ?" ಎಂದು ಮಾವ ಗಾಳಿಯನ್ನು ಕೇಳಿದರು.

"ನಾನೇ ಹಾಕಿದೆ ಅಂತ ಹೇಳ್ಕೊಳ್ಳಿ, ಸಿಹಿಯಾಗುತ್ತೆ," ಎಂದು ಅಡುಗೆಮನೆಯಿಂದ ಉತ್ತರ ಬಂತು.

ಮೊಮ್ಮಗಳು ಕಿಸಕ್ಕನೆ ನಕ್ಕಳು. ಎಳವೆಯಲ್ಲಿ ಅವಳ ಅಳು ಕಮಾನು ಎಳೆದ ಹಾಗೆ ಸಣ್ಣಗೆ, ಉದ್ದಕ್ಕೆ ಕೇಳುತ್ತಿತ್ತೆಂದು ಮನೆಯಲ್ಲಿ ಅವಳಿಗೆ ಪಿಟೀಲು ಎಂದು ಹೆಸರು. ಇಪ್ಪತ್ತು ತುಂಬಿದರೂ ಆ ಹೆಸರು ಬಿಟ್ಟಿರಲಿಲ್ಲ. ಅಪ್ಪ ಕಣ್ಣು ಕೆಕ್ಕರಿಸಿದ್ದಕ್ಕೆ ನಗು ನುಂಗಿಕೊಂಡಳು.

ಗುರುವಾರ ಸೊಸೆಗೆ ರಜೆ. ಬಟಾಣಿ ಬಿಡಿಸಲು ಅತ್ತೆಯೊಂದಿಗೆ ಕೂತಳು. ಪಿಟೀಲೂ ಬಂದು ಒತ್ತಿಕೊಂಡು ಕೂತಳು. "ಅಜ್ಜಿ, ನಿಜ ಹೇಳು. ಹೇಗೆ ಕೆತ್ತಿದೆ?"

ಅತ್ತೆ ಬಟಾಣಿ ಕಾಯಿಯನ್ನು ಬೆರಳಿನಲ್ಲಿ ಒತ್ತಿ ಟಪ್ಪನೆ ಒಡೆದರು. "ನಮ್ಮಪ್ಪ ಬೆಳ್ಳಿ ಡಬ್ಬಿಗಳ ಮೇಲೆ ಕೆತ್ತೋರು. ಹೂವು, ಹಕ್ಕಿ, ಕೇಳಿದ್ರೆ ಮುಖಾನೂ. ನಾನು ಏಳು ವರ್ಷಕ್ಕೇ ಉಳಿ ಹಿಡಿದೋಳು. ನಿಮ್ಮಜ್ಜ ಆಗ ಅಚ್ಚುಕೂಟದಲ್ಲಿ ಅಕ್ಷರ ಕೆತ್ತೋ ಕೆಲಸದಲ್ಲಿದ್ರು. ಆಹ್ವಾನಪತ್ರ, ಸರ್ಟಿಫಿಕೇಟು, ಅಂಥವು. ಅಕ್ಷರ ಅಂದ್ರೆ ಅವರ ಕೈಲಿ ಮುತ್ತು. ಒಂದಿನ ಯಾವುದೋ ಇಂಗ್ಲಿಷ್ ಪುಸ್ತಕಕ್ಕೆ ಮೊದಲ ಪುಟದಲ್ಲಿ ಈ ದೊರೆ ಮುಖ ಬೇಕು, ಹಳೇ ಕಾಲದ ಥರ ತಾಮ್ರದಲ್ಲೇ ಕೆತ್ತಬೇಕು ಅಂತ ಮಾಲೀಕರಿಗೆ ಹುಚ್ಚು ಹಿಡೀತು. ಇವರು ಹೂಂ ಅಂದ್ಬಿಟ್ರು. ಎರಡು ತಗಡು ಕೆಡಿಸಿದ್ರು. ಮೊದಲನೇದರಲ್ಲಿ ದೊರೆ ಹಲ್ಲುನೋವು ಬಂದೋನ ಹಾಗಿದ್ದ. ಎರಡನೇದರಲ್ಲಿ ಸತ್ತೇಹೋಗಿದ್ದ. ಮೂರನೇ ತಗಡು ಮನೆಗೆ ತಂದು, ಕೋಟು ವಿಗ್ಗು ಮುಗಿಸಿ, ಮುಖದ ಜಾಗ ಬಿಟ್ಟು ಅಳ್ತಾ ಕೂತ್ಕೊಂಡ್ರು."

"ಅಜ್ಜ ಅತ್ರಾ?"

"ಮತ್ತೇನು? ಕೆಲಸ ಹೋಗುತ್ತೆ ಅಂತ ಭಯ. ಹನ್ನೊಂದು ಮಧ್ಯಾಹ್ನ ನಾನು ಕೂತೆ. ನಿಮ್ಮಪ್ಪ ತೊಟ್ಟಿಲಲ್ಲಿದ್ದ. ಹಗ್ಗದ ತುದಿ ನನ್ನ ಕಾಲ್ಬೆರಳಿಗೆ ಕಟ್ಟಿಕೊಂಡಿದ್ದೆ. ಮೇಲೆ ಕೈ ಕೆತ್ತೋದು, ಕೆಳಗೆ ಕಾಲು ತೂಗೋದು. ಅವನು ಎದ್ದು ಕಿರುಚಿದಾಗೆಲ್ಲ ಉಳಿ ಎತ್ತಿಬಿಡ್ತಿದ್ದೆ. ಒಂದ್ಸಲ ಎತ್ತೋದು ತಡವಾಯ್ತು, ದೊರೆ ಎಡಗಣ್ಣು ಚಿಕ್ಕದಾಗಿದ್ದು ಹಾಗೆ. ಗೆರೆ ಒಂಚೂರು ಒಳಗೆ ಬಂತು. ಅದೇ ಚೆನ್ನಾಗಿ ಕಾಣ್ತು, ಬಿಟ್ಟೆ."

ಸೊಸೆ ಕೇಳಿದಳು: "ಹೆಸರು ಮಾವನೇ ಹಾಕಿಕೊಂಡ್ರಾ?"

"ನಾನೇ ಹಾಕಿ ಅಂದೆ. ಹೆಂಗಸು ಕೆತ್ತಿದಾಳೆ ಅಂದ್ರೆ ಮಾಲೀಕರು ತಗೊಳ್ತಿರಲಿಲ್ಲ. ಅದಕ್ಕಲ್ಲ ಕಣೇ ನನ್ನ ಸಿಟ್ಟು." ಅತ್ತೆ ಬುಟ್ಟಿ ಪಕ್ಕಕ್ಕಿಟ್ಟರು. "ಆ ಮುಖ ನೋಡಿ ಅವರನ್ನ ಕೆತ್ತನೆ ವಿಭಾಗಕ್ಕೆ ಮುಖ್ಯಸ್ಥರನ್ನ ಮಾಡಿದ್ರು. ಮನೇಲಿ ಎಲ್ರಿಗೂ ಖುಷಿ. ನಂಗೂ ಖುಷಿ. ನನಗೆ ಇನ್ನೊಂದು ತಗಡು ತಂದುಕೊಡಿ ಅಂದೆ. ಹೂಂ ಅಂದ್ರು. ವಾರ ಬಿಟ್ಟು ಕೇಳಿದೆ, ಹೂಂ ಅಂದ್ರು. ಎರಡು ವರ್ಷ ಕೇಳಿದೆ. ತಂದುಕೊಟ್ರೆ ನಾನು ಕೆತ್ತಿದ್ದನ್ನ ಯಾರಾದ್ರೂ ನೋಡಿ ಎರಡನ್ನೂ ಹೋಲಿಸಿಬಿಟ್ರೆ ಅನ್ನೋ ಹೆದರಿಕೆ ಅವರಿಗೆ. ಆಮೇಲೆ ನಾನು ಕೇಳೋದು ಬಿಟ್ಟೆ. ಉಳಿಗಳನ್ನ ಕೊತ್ತಂಬರಿ ಬುಡ ಕೆದಕೋಕೆ ಇಟ್ಕೊಂಡೆ."

ಅತ್ತೆ ಮತ್ತೆ ಬುಟ್ಟಿ ಎಳೆದುಕೊಂಡು ಬಟಾಣಿ ಬಿಡಿಸತೊಡಗಿದರು. ಸೊಸೆಯ ಕಣ್ಣು ಅತ್ತೆಯ ಬೆರಳುಗಳ ಮೇಲಿತ್ತು. ದಪ್ಪ ಗಂಟಿನ ಬೆರಳುಗಳು. ಆದರೆ ಕಾಳು ಒಂದೂ ಹಾರದೆ, ಒಂದೂ ಜಜ್ಜದೆ, ನೇರ ಬಟ್ಟಲಿಗೇ ಬೀಳುತ್ತಿತ್ತು.

ಆ ದಿನ ಸಂಜೆ ಅವಳು ಗಂಡನಿಗೆ ಹೇಳಲು ಹೋದಳು. ಅವನು ಶೂ ಬಿಚ್ಚುತ್ತಲೇ ಕೈ ಅಡ್ಡ ಮಾಡಿದ. "ಬೇಡ. ನೀನೂ ಶುರು ಮಾಡ್ಬೇಡ. ಡಿಪೋದಲ್ಲಿ ಹನ್ನೆರಡು ಜನಕ್ಕೆ ಹೇಳಿದೀನಿ, ಅಪ್ಪನ ಸನ್ಮಾನ ಅಂತ. ನನ್ನ ಕಂಡ್ರೆ ಆಗದ ಡ್ರೈವರುಗಳೂ ಬರ್ತೀವಿ ಅಂದಿದಾರೆ. ಈಗ ಹೋಗಿ ಏನನ್ನಲಿ? ನಮ್ಮಪ್ಪ ಸುಳ್ಳ ಅನ್ನಲಾ?"

"ಮಾವ ಇಲ್ಲ ಅನ್ನಲಿಲ್ವಲ್ಲ."

"ಹೌದು ಅಂತಾನೂ ಅನ್ನಲಿಲ್ಲ!"

ಅದು ನಿಜವೇ. ಮಾವ ಯಾವುದನ್ನೂ ಅನ್ನುತ್ತಿರಲಿಲ್ಲ. ಹಾಗಾಗಿಯೇ, ಮುಂದಿನ ಮಂಗಳವಾರ ಅವರು ಕೋಲೂರಿಕೊಂಡು ತನ್ನ ಅಂಗಡಿಯ ಬಾಗಿಲಲ್ಲಿ ನಿಂತಾಗ ಸೊಸೆಗೆ ಗಾಬರಿಯಾಯಿತು. ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಕಣ್ಣು ಪರೀಕ್ಷಿಸುವುದು, ಗಾಜು ಕೂರಿಸುವುದು, ಸಡಿಲವಾದ ಕಡ್ಡಿಗೆ ತಿರುಪು ಬಿಗಿಯುವುದು. ಮಾವ ಪರೀಕ್ಷೆಯ ಕುರ್ಚಿಯಲ್ಲಿ ತಾವಾಗಿಯೇ ಹೋಗಿ ಕೂತರು.

"ಹನಿ ಮುಗೀತಾ ಮಾವ?"

"ಹನಿ ಇದೆ." ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ನೋಡುತ್ತ ಹೇಳಿದರು: "ಅವಳು ಹೇಳಿದ್ದು ನಿಜ."

ಸೊಸೆ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು.

"ಮನೇಲಿ ಹೇಳೋಕೆ ಬಾಯಿ ಬರಲಿಲ್ಲ ಕಣಮ್ಮ. ಮಗನ ಮುಖ ನೋಡಿದ್ರೆ ನಾಲಿಗೆ ಒಣಗುತ್ತೆ. ಆ ಮೇಡಂಗೆ ಹೇಳಿಬಿಡೋಣ. ನೀನು ಜೊತೆಗೆ ಬಾ. ಬಸ್ಸು ಹತ್ತೋದು ಇಳಿಯೋದು ನಂಗೆ ಕಷ್ಟ."

ಅಂಗಡಿಯ ಯಜಮಾನರಿಗೆ ಹೇಳಿ ಅರ್ಧ ದಿನ ರಜೆ ಹಾಕಿ, ಸೊಸೆ ಮಾವನನ್ನು ಕರೆದುಕೊಂಡು ಕಾಲೇಜಿಗೆ ಹೋದಳು. ಮೇಡಂ ಎದ್ದು ಬಂದು ಕೈ ಹಿಡಿದು ಕೂರಿಸಿದರು. ಮಾವ ಕೂತವರೇ, ಪಾಠ ಒಪ್ಪಿಸುವ ಹಾಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಕೆಡಿಸಿದ ಎರಡು ತಗಡು, ಅತ್ತದ್ದು, ಹನ್ನೊಂದು ಮಧ್ಯಾಹ್ನ, ಎಲ್ಲ. ಕೇಳುತ್ತ ಕೇಳುತ್ತ ಮೇಡಂ ಕಣ್ಣಲ್ಲಿ ನೀರು ಬಂತು.

"ಸರ್," ಎಂದರು ಅವರು, "ಎಷ್ಟು ದೊಡ್ಡ ಮನಸ್ಸು ನಿಮ್ಮದು! ಈ ವಯಸ್ಸಿನಲ್ಲಿ ಹೆಂಡತಿ ಮೇಲೆ ಇಷ್ಟು ಪ್ರೀತಿ! ತಮ್ಮ ಜೀವಮಾನದ ಕೆಲಸಾನೇ ಅವರಿಗೆ ಕೊಟ್ಟುಬಿಡೋಕೆ ಬಂದಿದೀರಲ್ಲ."

"ಕೊಡೋಕಲ್ಲಮ್ಮ. ಅದು ಅವಳದ್ದೇ."

"ಆಗಲಿ ಸರ್, ಆಗಲಿ." ಮೇಡಂ ಕಣ್ಣೊರೆಸಿಕೊಂಡು ಮುದ್ರಿತ ಕೈಪಿಡಿಯೊಂದನ್ನು ತೋರಿಸಿದರು. "ಆದರೆ ತಗಡಿನ ಮೇಲೆ ನಿಮ್ಮ ಹೆಸರಿದೆ. ಅಚ್ಚುಕೂಟದ ಕಾಗದಗಳಲ್ಲೂ ನಿಮ್ಮದೇ ಇದೆ. ಬೇರೆ ದಾಖಲೆ ಇಲ್ಲದೆ ನಾನು ಬದಲಾಯಿಸೋದು ಹೇಗೆ ಹೇಳಿ? ಉದ್ಘಾಟನೆ ದಿನ ನೀವು ಈ ಮಾತು ಹೇಳಿ ಬೇಕಾದ್ರೆ. ಎಲ್ಲರ ಮನಸ್ಸೂ ಕರಗಿಹೋಗುತ್ತೆ."

"ನಾನು ಮಾಡಿಲ್ಲ ಅಂತ ಹೆಸರು ಹಾಕ್ಕೊಂಡೋನೇ ಹೇಳಿದ್ರೂ ದಾಖಲೆ ಬೇಕಾ?" ಎಂದು ಮಾವ ಮೆಟ್ಟಿಲಿಳಿಯುವಾಗ ಗೊಣಗಿದರು. ಎರಡು ಸಲ ಕೋಲು ಜಾರಿತು.

ಆ ಸಂಜೆಯೇ ಮೇಡಂ ಮನೆಗೆ ಫೋನು ಮಾಡಿ ಮಗನ ಬಳಿ ಮಾವನ ದೊಡ್ಡತನವನ್ನು ಕೊಂಡಾಡಿದರು. ಊಟಕ್ಕೆ ಕೂತಾಗ ಮಗ ಅದನ್ನೇ ಎತ್ತಿದ. "ಕೇಳಿದ್ಯಾ ಅಮ್ಮ? ನಿನ್ನ ಸಮಾಧಾನಕ್ಕೆ ಅಪ್ಪ ಅಲ್ಲಿವರೆಗೆ ಹೋಗಿ ಬಂದ್ರಂತೆ. ಎಂಥ ದೊಡ್ಡ ಮನಸ್ಸು ಅಂತಾರೆ ಮೇಡಂ. ಇನ್ನಾದ್ರೂ ಬಿಡು. ಎಲ್ಲ ಗಂಡಂದಿರೂ ಹೀಗಿರ್ತಾರಾ?"

ಅತ್ತೆ ಸೌಟು ಕೆಳಗಿಟ್ಟರು. ಮೊದಲು ಮಗನನ್ನು ನೋಡಿದರು, ಆಮೇಲೆ ಗಂಡನನ್ನು.

"ಹೋಗಿ ಹೇಳಿದ್ರಾ?"

"ಹೂಂ," ಎಂದರು ಮಾವ.

"ಏನಂದ್ರು?"

"ನಂಬಲಿಲ್ಲ."

"ನಂಬಲಿಲ್ಲ! ದೊಡ್ಡ ಮನಸ್ಸು ಅಂದ್ರು. ಮುಖ ಕೆತ್ತಿದ್ದಕ್ಕೂ ನಿಮಗೇ ಹೆಸರು. ಕೆತ್ತಲಿಲ್ಲ ಅಂದಿದ್ದಕ್ಕೂ ನಿಮಗೇ ಹೆಸರು!" ಅತ್ತೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ನಂಗೆ ಅದರಲ್ಲಿ ಎಲ್ಲಿದೆ ಜಾಗ, ಹೇಳಿ?"

"ನಾನು ಏನು ಮಾಡ್ಬೇಕಿತ್ತೇ?" ಎಂದು ಮಾವ ಮೊದಲ ಸಲ ದನಿಯೆತ್ತಿದರು. "ಹೇಳ್ದೆ ಇದ್ರೂ ತಪ್ಪು, ಹೇಳಿದ್ರೂ ತಪ್ಪು!"

"ಹೇಳೋದು ಬಿಟ್ಟು ಇನ್ನೇನೂ ನಿಮಗೆ ಹೊಳೀಲೇ ಇಲ್ಲ," ಎಂದು ಅತ್ತೆ ಎದ್ದು ಹೋದರು. ಯಾರ ಊಟವೂ ಮುಗಿಯಲಿಲ್ಲ. ಪಿಟೀಲು ಮಾತ್ರ ಸದ್ದಿಲ್ಲದೆ ಎಲ್ಲರ ತಟ್ಟೆಯ ಮೊಟ್ಟೆಗಳನ್ನು ಒಂದು ಬಟ್ಟಲಿಗೆ ಹಾಕಿ ಮುಚ್ಚಿಟ್ಟಳು.

ಇದಾದ ಮೂರನೆಯ ದಿನ ಮಧ್ಯಾಹ್ನ ಸೊಸೆಗೆ ಅಂಗಡಿಗೆ ಫೋನು ಬಂತು. "ಅಮ್ಮ, ಅಜ್ಜ ಕಾಣ್ತಿಲ್ಲ," ಎಂದಳು ಪಿಟೀಲು. ಸೊಸೆ ಓಡಿ ಬಂದಳು. ಮಗ ಡಿಪೋದಿಂದಲೇ ಎಲ್ಲ ಮಾರ್ಗದ ಕಂಡಕ್ಟರುಗಳಿಗೆ ಹೇಳಿ ಕಳಿಸಿದ: ಬಿಳಿ ಅಂಗಿ, ಎರಡನೇ ಗುಂಡಿ ಇಲ್ಲ, ಕೈಯಲ್ಲಿ ಕೋಲು. ಪಕ್ಕದ ಬೀದಿ, ಉದ್ಯಾನದ ಬೆಂಚು, ಔಷಧಿ ಅಂಗಡಿ, ಎಲ್ಲ ಹುಡುಕಿದ್ದಾಯಿತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಗುಂಡಿ ಹಾಕಿಕೊಡಬೇಕಿತ್ತು," ಎಂದು ಎರಡು ಮೂರು ಸಲ ತಮ್ಮಷ್ಟಕ್ಕೆ ಅಂದುಕೊಂಡರು.

ನಾಲ್ಕೂವರೆಗೆ ಮಾವ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕಂಕುಳಲ್ಲಿ ದಿನಪತ್ರಿಕೆಯಲ್ಲಿ ಸುತ್ತಿದ ಚಪ್ಪಟೆ ಗಂಟು. ಬೆವರಿ ನೀರಾಗಿದ್ದರು. ನೇರ ಅಡುಗೆಮನೆಗೆ ಹೋಗಿ, ಗಂಟನ್ನು ಮೇಜಿನ ಮೇಲಿಟ್ಟು, ಪತ್ರಿಕೆ ಬಿಚ್ಚಿದರು. ತಾಮ್ರದ ತಗಡು. ಹೊಸದು.

"ಕೇಳಿದ್ಯಲ್ಲ," ಎಂದರು ಅತ್ತೆಗೆ. "ತಂದಿದೀನಿ."

ಅತ್ತೆ ತಗಡನ್ನು ನೋಡಿದರು. ಒಲೆಯ ಮೇಲೆ ಹಾಲು ಕುದಿಯುತ್ತಿತ್ತು. ಬಟ್ಟೆಯಲ್ಲಿ ಹಿಡಿದು ಆ ಬಿಸಿ ಪಾತ್ರೆಯನ್ನು ಇಳಿಸಿ, ತಗಡಿನ ಮೇಲೆ ದಪ್ಪನೆ ಇಟ್ಟು ಹೊರಗೆ ಹೋದರು.

ಮುಂದಿನ ಐದು ದಿನ ತಗಡು ಅಲ್ಲೇ ಬಿಸಿ ಪಾತ್ರೆಗಳ ಅಡಿಗೆ ಬಿದ್ದಿತ್ತು. ಮಾವ ದಿನಕ್ಕೆ ನಾಲ್ಕು ಸಲ ನೀರು ಕುಡಿಯುವ ನೆಪದಲ್ಲಿ ಬಂದು ನೋಡಿ ಹೋಗುತ್ತಿದ್ದರು. ತೆಗೆದಿಡಲು ಹೋದ ಸೊಸೆಯನ್ನು ಕಣ್ಣಲ್ಲೇ ತಡೆದರು. ಆರನೆಯ ದಿನ ಬೆಳಿಗ್ಗೆ ಸೊಸೆ ಏಳುವಷ್ಟರಲ್ಲಿ ಅತ್ತೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಬೂದಿ ಹಾಕಿ ತಗಡು ಉಜ್ಜುತ್ತಿದ್ದರು. ಪಕ್ಕದಲ್ಲಿ, ಕೊತ್ತಂಬರಿ ಕುಂಡದಿಂದ ಕಿತ್ತ ಎರಡು ಉಳಿಗಳು.

"ನಿಮ್ಮ ಅಂಗಡೀಲಿ ತಲೆಗೆ ಕಟ್ಟಿಕೊಳ್ಳೋ ಭೂತಗಾಜು ಇದೆಯಂತಲ್ಲ," ಎಂದರು ತಲೆಯೆತ್ತದೆ. "ಒಂದೆರಡು ವಾರಕ್ಕೆ ಸಿಗುತ್ತಾ?"

ಹಾಗೆ ಊಟದ ಮೇಜು ಕೆತ್ತನೆಯ ಮೇಜಾಯಿತು. ಮನೆಯವರೆಲ್ಲ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣತೊಡಗಿದರು. ಸೊಸೆ ಹಳೆಯ ಚರ್ಮದ ಚೀಲಕ್ಕೆ ಮರಳು ತುಂಬಿ ದಿಂಬು ಹೊಲಿದುಕೊಟ್ಟಳು. ಅದರ ಮೇಲೆ ತಗಡು. ಯಾರ ಮುಖ ಎಂದು ಪಿಟೀಲು ಕೇಳಿದ್ದಕ್ಕೆ ಅತ್ತೆ, "ಇಡೀ ದಿನ ಅಲ್ಲಾಡದೆ ಕೂರೋಕೆ ಪುರುಸೊತ್ತಿರೋರು ಈ ಮನೇಲಿ ಒಬ್ರೇ," ಅಂದರು. ಮಾವ ಬೆಚ್ಚಿದರು.

"ನನ್ನ ಮುಖಾನಾ? ಅದರಲ್ಲೇನಿದೆ?"

"ಅದನ್ನೇ ನೋಡ್ಬೇಕು. ಕೂತ್ಕೊಳ್ಳಿ."

ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾಗಾಗಿ ಮಾವನ ಪಕ್ಕ ಕನ್ನಡಿ ನಿಲ್ಲಿಸಿ ಅತ್ತೆ ಅದರಲ್ಲಿ ನೋಡಿ ಕೆತ್ತಬೇಕಾಗಿತ್ತು. ಮೊದಲ ದಿನ ಒಂದೇ ಗಂಟೆಯಲ್ಲಿ ಉಳಿ ಜಾರಿ ಹೆಬ್ಬೆರಳಿಗೆ ಹೊಕ್ಕಿತು. ಸೊಸೆ ರಕ್ತ ತೊಳೆದು ಪಟ್ಟಿ ಕಟ್ಟಿದಳು. ಎರಡನೆಯ ದಿನ ಮೂಗಿನ ಗೆರೆ ತಪ್ಪಿತು. ಉಕ್ಕಿನ ಕಡ್ಡಿಯಿಂದ ಉಜ್ಜಿ ಉಜ್ಜಿ ಅಳಿಸಿದರು. ನಾಲ್ಕನೆಯ ದಿನ ಮಣಿಕಟ್ಟು ಊದಿತು. "ನಂಗೆ ಆಗಲ್ಲ. ಕೈ ಸತ್ತುಹೋಗಿದೆ," ಎಂದು ಉಳಿ ಎಸೆದರು. ಅದು ಉರುಳಿ ಮಾವನ ಕಾಲ ಬಳಿ ನಿಂತಿತು.

ಮಾವ ಕಷ್ಟಪಟ್ಟು ಬಗ್ಗಿ ಎತ್ತಿಕೊಂಡರು. "ಗುಂಡಗೆ ಹೋಗೋ ಗೆರೆಗೆ ಉಳಿ ತಿರುಗಿಸ್ತಿದೀಯ. ಆಗ ಹಾಗೆ ಮಾಡ್ತಿರಲಿಲ್ಲ. ತಗಡು ತಿರುಗಿಸ್ತಿದ್ದೆ."

"ಆಗ ಎಡಗೈಲಿ ಬಲ ಇತ್ತು. ಈಗ ಯಾರು ತಿರುಗಿಸ್ತಾರೆ?"

ಮಾವ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದರು. ಕನ್ನಡಿಯನ್ನೂ ತಮ್ಮ ಪಕ್ಕಕ್ಕೆ ಸರಿಸಿಕೊಂಡರು. ಎರಡೂ ಕೈಯಿಂದ ದಿಂಬು ಹಿಡಿದರು. "ಹೇಳು. ಯಾವ ಕಡೆ?"

ಅವತ್ತಿನಿಂದ ಒಬ್ಬರು ತಿರುಗಿಸುವುದು, ಒಬ್ಬರು ಕೆತ್ತುವುದು. "ನಿಧಾನ. ಇನ್ನೂ ನಿಧಾನ. ಅಲ್ಲಾಡಬೇಡಿ ಅಂದ್ನಲ್ಲ, ಗಲ್ಲ ಅಲ್ಲಾಡ್ತಿದೆ." "ತಿರುಗಿಸ್ಬೇಕು, ಅಲ್ಲಾಡಲೂಬಾರದು ಅಂದ್ರೆ ನಾನೇನು ಯಂತ್ರಾನಾ?" "ಯಂತ್ರ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ." ಸೊಸೆ ಅಡುಗೆಮನೆಯಲ್ಲಿ ಈ ಮಾತು ಕೇಳುತ್ತ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರು ಈರುಳ್ಳಿಯದೋ ನಗುವಿನದೋ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಕಣ್ಣಿನ ಹನಿಯ ಶೀಶೆ ಯಾವಾಗಲೋ ಮತ್ತೆ ಅತ್ತೆಯ ಕೈಗೆ ಹೋಗಿತ್ತು.

ಮಗ ಮಾತ್ರ ದೂರ ದೂರ. ತಟ್ಟೆ ಹಿಡಿದು ಬಾಗಿಲ ಬಳಿ ನಿಂತೇ ಉಂಡು ಹೋಗುತ್ತಿದ್ದ. ಒಂದು ಭಾನುವಾರ ಹಾಗೆ ನಿಂತವನು ತುತ್ತು ಎತ್ತುವುದನ್ನು ಮರೆತ. ಅವನ ಕಣ್ಣು ಮೇಜಿನ ಕೆಳಗಿತ್ತು.

"ಅಮ್ಮ ಕಾಲು ಯಾಕೆ ಹಾಗೆ ಮಾಡ್ತಾಳೆ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

ಸೊಸೆ ಬಗ್ಗಿ ನೋಡಿದಳು. ಅತ್ತೆ ಉಸಿರು ಬಿಗಿಹಿಡಿದು ಕಣ್ಣಿನ ರೆಪ್ಪೆ ಕೆತ್ತುತ್ತಿದ್ದರು. ಕೆಳಗೆ ಅವರ ಬಲಗಾಲಿನ ಹೆಬ್ಬೆರಳು ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಒಂದೇ ಹದದಲ್ಲಿ, ಯಾವುದೋ ಹಗ್ಗ ಎಳೆದು ಬಿಟ್ಟ ಹಾಗೆ. ಉಳಿ ನಿಂತಾಗ ಕಾಲೂ ನಿಲ್ಲುತ್ತಿತ್ತು. ಅತ್ತೆಗೆ ಅದರ ಅರಿವೇ ಇರಲಿಲ್ಲ.

"ನಿಮ್ಮನ್ನ ತೂಗ್ತಿದಾರೆ," ಎಂದಳು ಸೊಸೆ. "ದೊರೆ ಮುಖ ಕೆತ್ತುವಾಗ ನೀವು ತೊಟ್ಟಿಲಲ್ಲಿದ್ರಂತೆ. ಹಗ್ಗ ಕಾಲ್ಬೆರಳಿಗೆ ಕಟ್ಟಿಕೊಂಡಿದ್ರಂತೆ. ಅವತ್ತು ಹೇಳೋಕೆ ಬಂದೆ, ನೀವು ಬೇಡ ಅಂದ್ರಿ."

ಅವನು ಬಹಳ ಹೊತ್ತು ಆ ಕಾಲನ್ನೇ ನೋಡುತ್ತ ನಿಂತ. ಆಮೇಲೆ ತಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟು, ಮೇಜಿನ ಬಳಿ ಹೋಗಿ, ಓರೆಯಾಗಿದ್ದ ದೀಪವನ್ನು ತಾಯಿಯ ಕೈಯ ಮೇಲೆ ನೇರ ಬೀಳುವಂತೆ ಹಿಡಿದ.

"ನೆರಳು ಬೀಳ್ತಿತ್ತು," ಎಂದ.

"ಅಲ್ಲೇ ಇರು," ಅಂದರು ಅತ್ತೆ, ತಲೆಯೆತ್ತದೆ. ಅವನು ಅಲ್ಲೇ ಇದ್ದ. ಮೂರು ಗಂಟೆಯ ಪಾಳಿಗೆ ಅವತ್ತು ಟೈಮ್‌ಕೀಪರ್ ಇಪ್ಪತ್ತು ನಿಮಿಷ ತಡ.

ಪ್ರದರ್ಶನಕ್ಕೆ ನಾಲ್ಕು ದಿನವಿದ್ದಾಗ ಮುಖ ಮುಗಿಯಿತು. ಕೆಳಗೆ ಹೆಸರಿನ ಜಾಗ ಖಾಲಿ. ಅತ್ತೆ ಉಳಿಯನ್ನು ಮಾವನ ಮುಂದಿಟ್ಟರು. "ಅಕ್ಷರ ನಂಗೆ ಬರಲ್ಲ. ಉಲ್ಟಾ ಬರೆಯೋದು ನಿಮ್ಮ ಕೆಲಸ."

"ಯಾರ ಹೆಸರು?" ಎಂದು ಪಿಟೀಲು ಕಿಡಿಗೇಡಿತನದಿಂದ ಕೇಳಿದಳು.

ಮಾವ ತಲೆಗೆ ಭೂತಗಾಜು ಕಟ್ಟಿಕೊಂಡು, ಕೈ ನಡುಗದಂತೆ ಮಗನಿಂದ ಮಣಿಕಟ್ಟು ಹಿಡಿಸಿಕೊಂಡು, ಒಂದು ಇಡೀ ದಿನ ತೆಗೆದುಕೊಂಡು ಹೆಂಡತಿಯ ಹೆಸರನ್ನು ಬಲದಿಂದ ಎಡಕ್ಕೆ ಕೆತ್ತಿದರು. ಒಂದು ಕಾಲದಲ್ಲಿ ಅವರಿಗೆ ಅದು ಐದು ನಿಮಿಷದ ಕೆಲಸ.

ಮರುದಿನ ಮಗ ತಗಡನ್ನು ಟವೆಲಿನಲ್ಲಿ ಸುತ್ತಿ, ಎಲ್ಲರನ್ನೂ ತನ್ನ ಡಿಪೋದ ಬಸ್ಸಿಗೇ ಹತ್ತಿಸಿ ಕಾಲೇಜಿಗೆ ಕರೆದೊಯ್ದ. ಹಳೆಯ ಅಚ್ಚುಕೂಟದ ಯಂತ್ರದ ಚಕ್ರವನ್ನು ಅವನೇ ತಿರುಗಿಸಿದ. ಮಸಿ ಹತ್ತಿದ ತಗಡಿನಿಂದ ತೇವದ ಕಾಗದವನ್ನು ಮೇಡಂ ಮೆಲ್ಲಗೆ ಎತ್ತಿದರು. ಮುದುಕನ ಮುಖ ಬಂತು. ಸುಕ್ಕುಗಳ ನಡುವೆ ತಪ್ಪು ಮಾಡಿ ಸಿಕ್ಕಿಬಿದ್ದವನ ಪೆಚ್ಚು ನಗು. ಮೇಡಂ ಭೂತಗಾಜು ಹಿಡಿದು ಇದರ ಕಣ್ಣು ನೋಡಿದರು. ಎದ್ದು ಹೋಗಿ, ಪ್ರದರ್ಶನಕ್ಕೆಂದು ಆಗಲೇ ಮನೆಯಿಂದ ತಂದಿಟ್ಟಿದ್ದ ಗೋಡೆ ದೊರೆಯ ಕಣ್ಣು ನೋಡಿದರು. ಮತ್ತೆ ಬಂದು ಇದನ್ನು ನೋಡಿದರು. ಮೂರು ಸಲ ಹೀಗೆ ಓಡಾಡಿದವರು ಅತ್ತೆಯ ಎದುರು ನಿಂತು, "ಅಮ್ಮ," ಎಂದರು, "ಅವತ್ತು ನೀವು ಚಹಾ ಇಟ್ಟು ಹೇಳಿದ ಮಾತು ನನಗೆ ಕೇಳಿಸಲೇ ಇಲ್ಲ." ಕೈಪಿಡಿಗಳನ್ನು ತರಿಸಿ, ಪಿಟೀಲಿನ ಜೊತೆ ಕೂತು, ಮುನ್ನೂರು ಪ್ರತಿಗಳಲ್ಲೂ ಪೆನ್ನಿನಿಂದ ತಿದ್ದಿದರು: ಮುಖ ಇವರದು, ಉಡುಪು ಮತ್ತು ಅಕ್ಷರ ಅವರದು.

ಅಷ್ಟರಲ್ಲಿ ಮಗ ಹೊಸ ಅಚ್ಚನ್ನು ಬೆಳಕಿಗೆ ಹಿಡಿದಿದ್ದ. "ಅಪ್ಪ, ಇದೊಂದು ಅಕ್ಷರ ತಿರುಗಾಮುರುಗಾ ಆಗಿದೆಯಲ್ಲ!"

ನಿಜ. ಅತ್ತೆಯ ಹೆಸರಿನ ಮೂರನೆಯ ಅಕ್ಷರವನ್ನು ಮಾವ ತಗಡಿನ ಮೇಲೆ ನೆಟ್ಟಗೇ ಬರೆದುಬಿಟ್ಟಿದ್ದರು. ಕಾಗದದ ಮೇಲೆ ಅದು ಬೆನ್ನು ತಿರುಗಿಸಿ ನಿಂತಿತ್ತು. ಮಾವ ಪೆಚ್ಚಾಗಿ ಉಳಿಗೆ ಕೈ ಹಾಕಿದರು. "ಉಜ್ಜಿ ತಿದ್ದಿಬಿಡ್ತೀನಿ."

"ಮುಟ್ಟಬೇಡಿ," ಅಂದರು ಅತ್ತೆ.

ಉದ್ಘಾಟನೆಯ ದಿನ ಡಿಪೋದ ಹನ್ನೆರಡು ಜನವೂ ಬಂದರು. ಎರಡು ಚಿತ್ರಗಳೂ ಪಕ್ಕಪಕ್ಕದಲ್ಲಿ ನೇತಾಡುತ್ತಿದ್ದವು. ಮಗ ಒಬ್ಬೊಬ್ಬರನ್ನೇ ಹಿಡಿದು ತಂದು, ಮೊದಲು ದೊರೆಯನ್ನು, ಆಮೇಲೆ ಅಪ್ಪನನ್ನು ತೋರಿಸಿ, "ನಮ್ಮಮ್ಮ ಕೆತ್ತಿದ್ದು," ಎನ್ನುತ್ತಿದ್ದ. ಸೊಸೆಯ ಎದುರೇ ಏಳು ಸಲ ಹೇಳಿದ. ಗುಂಡಿ ಹೊಲಿದ ಬಿಳಿ ಅಂಗಿ ತೊಟ್ಟು ಗೋಡೆಗೊರಗಿ ನಿಂತಿದ್ದ ಮಾವನ ಬಳಿ ವಿದ್ಯಾರ್ಥಿನಿಯೊಬ್ಬಳು ಬಂದಳು. ಚಿತ್ರ ನೋಡಿದಳು, ಅವರನ್ನು ನೋಡಿದಳು.

"ಅಜ್ಜ, ಇದು ನೀವೇ ಅಲ್ವಾ? ನೀವೂ ಕೆತ್ತುತ್ತೀರಾ?"

"ಮುಖ ಬರಲ್ಲಮ್ಮ," ಎಂದರು ಮಾವ. "ನಾನು ಬರೀ ಅಕ್ಷರದೋನು."

"ಅದರಲ್ಲೂ ಒಂದು ತಪ್ಪು," ಎಂದರು ಪಕ್ಕದಲ್ಲಿದ್ದ ಅತ್ತೆ, ಅವರ ಕಾಲರು ಸರಿಮಾಡುತ್ತ.